ಅಂಚಿನಲ್ಲಿ ಬರೆದ ‘ಇರಲಿ’

ಅಪ್ಪ ನನ್ನನ್ನು ಮೊದಲ ಸಲ ‘ನೀವು’ ಎಂದದ್ದು ಒಂದು ಬೆಳಿಗ್ಗೆ. ಅವರ ಅಂಗಿಯ ಗುಂಡಿಗಳನ್ನು ಹಾಕುತ್ತಿದ್ದೆ. ಮೂರನೆಯ ಗುಂಡಿಗೆ ಬರುವಷ್ಟರಲ್ಲಿ ಅವರು ತುಸು ಹಿಂದೆ ಸರಿದು, ಬಹಳ ಸಂಕೋಚದಿಂದ, “ನಿಮಗೆ ಸುಮ್ಮನೆ ತೊಂದರೆ ಕೊಡುತ್ತಿದ್ದೇನೆ” ಎಂದರು. ಉಳಿದ ಗುಂಡಿಗಳನ್ನೂ ಹಾಕಿದೆ, ಕಾಲರ್ ಸರಿಮಾಡಿದೆ, “ತೊಂದರೆ ಏನೂ ಇಲ್ಲ” ಎಂದೆ. ಆಮೇಲೆ ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ, ನೀರು ಸುರಿಯಲು ಬಿಟ್ಟು ಸ್ವಲ್ಪ ಹೊತ್ತು ನಿಂತುಕೊಂಡೆ.

ಹುಟ್ಟಿದಂದಿನಿಂದ ಅವರ ಬಾಯಲ್ಲಿ ನಾನು ‘ನೀನು’. ಮುದ್ದು ಮಾಡುವಾಗಲೂ ಗದರುವಾಗಲೂ ನೀನು. ಅಂಕಪಟ್ಟಿ ತಂದು ಕೊಟ್ಟಾಗಲೂ ಮೊದಲ ಸಂಬಳ ಕೈಗಿಟ್ಟಾಗಲೂ ಅದೇ ನೀನು. ಬಹುವಚನ ಎಂದರೆ ಗೌರವ ಎಂದು ನಮಗೆಲ್ಲ ಕಲಿಸಿದ್ದಾರೆ. ಅಪ್ಪನ ಬಾಯಿಂದ ಬಂದ ಬಹುವಚನ ಮಗಳಿಗೆ ಎಷ್ಟು ದೂರದ್ದು ಎಂದು ಅಂದು ಗೊತ್ತಾಯಿತು. ‘ನೀನು’ ಹೋಗಿ ‘ನೀವು’ ಆಗಲು ಒಂದೇ ಅಕ್ಷರ ಬದಲಾದರೆ ಸಾಕು. ಹಾಗೆ ಬದಲಾದ ಒಂದು ಅಕ್ಷರವನ್ನು ಹಿಡಿಯುವುದೇ ಅಪ್ಪನಿಗೆ ಅನ್ನ ಕೊಟ್ಟ ಕೆಲಸವಾಗಿತ್ತು.

ಅಪ್ಪ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದರು. ಸೇರಿದ್ದು ಮೊಳೆ ಜೋಡಿಸುವ ಹುಡುಗನಾಗಿ. ಸೀಸದ ಅಚ್ಚುಮೊಳೆಗಳನ್ನು ಗೂಡುಗಳಿಂದ ಒಂದೊಂದಾಗಿ ಆಯ್ದು, ಸಾಲು ಕಟ್ಟಿ, ಅಕ್ಷರಗಳನ್ನು ತಲೆಕೆಳಗಾಗಿ ಓದುವುದನ್ನು ಕಲಿತು, ಕೆಲವು ವರ್ಷಗಳಲ್ಲೇ ಕರಡಿನ ಮೇಜಿಗೆ ಬಂದರು. ಮೊಳೆಗಳು ಹೋಗಿ ಕಂಪ್ಯೂಟರ್ ಬಂದ ಮೇಲೂ ಅವರ ಕೆಂಪು ಪೆನ್ನು ನಿಲ್ಲಲಿಲ್ಲ. ನಮ್ಮ ಮನೆಯಲ್ಲಿ ಓದುವುದೆಂದರೆ ಪೆನ್ನು ಹಿಡಿದು ಓದುವುದು. ಬಿಟ್ಟುಹೋದ ಅಕ್ಷರಕ್ಕೆ ಹಂಸಪಾದ, ಬೇಡದ ಅಕ್ಷರಕ್ಕೆ ಬಾಲ ಸುತ್ತಿದ ಗೆರೆ, ಅದಲು ಬದಲಾದ ಪದಗಳಿಗೆ ಬಳುಕಿದ ಗೆರೆ. ಹಾಸ್ಟೆಲಿನಿಂದ ನಾನು ಬರೆದ ಪತ್ರಗಳಿಗೆ ಉತ್ತರ ಬರೆದಾಗ, ‘ಆಶೀರ್ವಾದಗಳು’ ಎಂಬುದರ ಕೆಳಗೆ ನನ್ನ ತಪ್ಪು ಪದಗಳ ಸರಿಯಾದ ರೂಪಗಳು ಇರುತ್ತಿದ್ದವು. ಆಗ ಸಿಟ್ಟು ಬರುತ್ತಿತ್ತು. ಈಗ ಆ ಪತ್ರಗಳನ್ನು ತೆಗೆದರೆ ನಾನು ಮೊದಲು ಓದುವುದು ಕೊನೆಯ ಆ ಸಾಲುಗಳನ್ನೇ. ನನ್ನ ಪ್ರತಿಯೊಂದು ಅಕ್ಷರವನ್ನೂ ಅವರು ಓದಿದ್ದರು ಎಂಬುದಕ್ಕೆ ಅವೇ ಸಾಕ್ಷಿ.

ಅವರ ಗುರುತುಗಳಲ್ಲಿ ಒಂದರ ಬಗ್ಗೆ ಹೇಳಲೇಬೇಕು. ತಪ್ಪೆಂದು ಒಂದು ಪದವನ್ನು ಹೊಡೆದುಹಾಕಿ, ಮತ್ತೊಮ್ಮೆ ನೋಡಿದಾಗ ಅದೇ ಸರಿಯೆನಿಸಿದರೆ, ಆ ಪದದ ಅಡಿಯಲ್ಲಿ ಸಾಲಾಗಿ ಚುಕ್ಕೆಗಳನ್ನಿಟ್ಟು ಅಂಚಿನಲ್ಲಿ ‘ಇರಲಿ’ ಎಂದು ಬರೆಯುತ್ತಿದ್ದರು. ಹೊಡೆದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಇದ್ದದ್ದು ಇದ್ದಂತೆಯೇ ಇರಲಿ ಎಂದು ಅರ್ಥ. ಚಿಕ್ಕವಳಿದ್ದಾಗ ನನಗೆ ಅತ್ಯಂತ ಇಷ್ಟವಾಗಿದ್ದ ಗುರುತು ಅದು. ತಪ್ಪಿಸಿಕೊಂಡು ಬದುಕಿದ ಪದಗಳು ಎಂದು ಅವುಗಳನ್ನು ಎಣಿಸುತ್ತಿದ್ದೆ.

ಮರೆವು ಶುರುವಾದದ್ದು ಮರೆವಿನ ರೂಪದಲ್ಲಿ ಅಲ್ಲವೇ ಅಲ್ಲ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ಅವರಿಗೆ ಮೊದಲಿನಿಂದಲೂ ಇತ್ತು, ನನಗೂ ಇದೆ. ನಾನು ಮೊದಲು ಕಂಡದ್ದು ಒಂದು ದಿನಪತ್ರಿಕೆಯ ಪುಟವನ್ನು. ಬೆಳಿಗ್ಗೆ ತಿದ್ದಿಟ್ಟ ಪುಟವನ್ನೇ ಮಧ್ಯಾಹ್ನ ಮತ್ತೆ ಎತ್ತಿಕೊಂಡು, ತಾವೇ ಹಾಕಿದ್ದ ಗುರುತುಗಳನ್ನು ದಿಟ್ಟಿಸಿ, “ಇದನ್ನು ಯಾರು ತಿದ್ದಿದರು? ಚೆನ್ನಾಗಿ ತಿದ್ದಿದ್ದಾರೆ” ಎಂದರು. ನಾನು ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ಅದಾದ ಕೆಲವು ತಿಂಗಳಲ್ಲಿ ಹೆಸರುಗಳು ಜಾರತೊಡಗಿದವು. ಮೊದಲು ಜನರ ಹೆಸರುಗಳು, ಆಮೇಲೆ ವಸ್ತುಗಳ ಹೆಸರುಗಳು. ಕತ್ತರಿ ಬೇಕಾದಾಗ ಎರಡು ಬೆರಳು ಆಡಿಸಿ ‘ಅದು, ಅದು’ ಎನ್ನುತ್ತಿದ್ದರು. ಪದಕೋಶವನ್ನೇ ತಲೆಯಲ್ಲಿಟ್ಟುಕೊಂಡಿದ್ದ ಮನುಷ್ಯ ‘ಅದು’ ಎಂಬ ಎರಡಕ್ಷರಕ್ಕೆ ಬಂದು ನಿಂತದ್ದನ್ನು ನೋಡಲು ಆಗುತ್ತಿರಲಿಲ್ಲ.

‘ಅರವತ್ತಕ್ಕೆ ಅರಳು ಮರಳು’ ಎನ್ನುವ ಗಾದೆಯ ಮೇಲೆ ನನಗೆ ಕೋಪವಿದೆ. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ಹೇಳಿಸಿ, ವೈದ್ಯರ ಬಳಿಗೆ ಹೋಗುವ ದಾರಿಯನ್ನೇ ಅದು ಮುಚ್ಚಿಬಿಡುತ್ತದೆ. ನಮ್ಮದೇ ಎರಡು ವರ್ಷಗಳನ್ನು ಅದು ತಿಂದಿತು. ನೆನಪು ಕೆಡಲು ಇರುವ ಕಾರಣಗಳಲ್ಲಿ ಕೆಲವು ಗುಣವಾಗುವಂಥವು. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ನಿಧಾನ, ವೃದ್ಧಾಪ್ಯದಲ್ಲಿ ಮರೆವಿನ ವೇಷದಲ್ಲಿ ಬರುವ ಖಿನ್ನತೆ, ಬಿದ್ದ ಪೆಟ್ಟಿನಿಂದ ತಲೆಯೊಳಗೆ ನಿಧಾನವಾಗಿ ಸೇರುವ ರಕ್ತ, ಮೆದುಳಿನ ಕುಳಿಗಳಲ್ಲಿ ತುಂಬಿಕೊಳ್ಳುವ ನೀರು. ಇವನ್ನೆಲ್ಲ ರಕ್ತಪರೀಕ್ಷೆಯಿಂದ, ಸ್ಕ್ಯಾನ್‌ನಿಂದ, ಸರಿಯಾಗಿ ಕೇಳಿದ ಪ್ರಶ್ನೆಗಳಿಂದ ಕಂಡುಹಿಡಿಯಬಹುದು. ಶೀತಕ್ಕೆಂದೋ ತುರಿಕೆಗೆಂದೋ ನಿದ್ದೆಗೆಂದೋ ನುಂಗುವ ಹಳೆಯ ಬಗೆಯ ಅಲರ್ಜಿ ಮಾತ್ರೆಗಳೂ ವಯಸ್ಸಾದವರ ತಲೆಯನ್ನು ಮಂಕಾಗಿಸುತ್ತವೆ. ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಕೆಲಸವನ್ನು ಅವು ತಡೆಯುತ್ತವೆ. ಅದೇ ರಾಸಾಯನಿಕ ಬೇಗ ಕರಗಿಹೋಗದಂತೆ ನೋಡಿಕೊಳ್ಳಲೆಂದು ಅಪ್ಪನಿಗೆ ಈಗ ದಿನಕ್ಕೊಂದು ಡೊನೆಪೆಜಿಲ್ ಮಾತ್ರೆ ಕೊಡುತ್ತೇವೆ. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಳ್ಳಬಾರದಲ್ಲವೇ? ಅಪ್ಪ ನುಂಗುತ್ತಿದ್ದ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ ಎಂದು ವೈದ್ಯರು ಹೇಳಿದ್ದು ಅದಕ್ಕೇ.

ಪರೀಕ್ಷೆಯ ದಿನ ನಾನು ಪಕ್ಕದಲ್ಲೇ ಕುಳಿತಿದ್ದೆ, ಬಾಯಿ ತೆರೆಯಬಾರದೆಂಬ ಕಟ್ಟಪ್ಪಣೆಯೊಂದಿಗೆ. 1975ರಲ್ಲಿ ರೂಪುಗೊಂಡ, 30 ಅಂಕಗಳ ಸಣ್ಣ ಪರೀಕ್ಷೆ ಅದು. ಇವತ್ತು ಯಾವ ವಾರ, ಯಾವ ತಿಂಗಳು, ಯಾವ ವರ್ಷ. ಮೂರು ಪದಗಳನ್ನು ಹೇಳುತ್ತೇನೆ, ನೆನಪಿಟ್ಟುಕೊಳ್ಳಿ. ನೂರರಿಂದ ಏಳೇಳು ಕಳೆಯುತ್ತಾ ಬನ್ನಿ. ಅಪ್ಪ 93 ಎಂದರು, 86 ಎಂದರು, ಮತ್ತೆ 86 ಎಂದರು. ಇದರ ಜೊತೆಗೆ ಒಂದು ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಎಂದಾಗ, ವೃತ್ತ ಬರೆದು, ಅಂಕಿಗಳನ್ನೆಲ್ಲ ಅಂದವಾಗಿ ಕೂರಿಸಿ, ಒಂದು ಮುಳ್ಳನ್ನು 11ಕ್ಕೂ ಇನ್ನೊಂದನ್ನು 10ಕ್ಕೂ ತಿರುಗಿಸಿದರು. ಹತ್ತು ನಿಮಿಷ ಎಂಬ ಮಾತು ಅವರನ್ನು ನೇರವಾಗಿ ಹತ್ತರ ಬಳಿಗೇ ಒಯ್ದಿತ್ತು.

ಕೊನೆಗೆ, ನಿಮಗೆ ತೋಚಿದ ಯಾವುದಾದರೂ ಒಂದು ವಾಕ್ಯ ಬರೆಯಿರಿ ಎಂದರು. ಅಪ್ಪ ಪೆನ್ನಿನ ಮೊನೆಯನ್ನು ಪರೀಕ್ಷಿಸಿದರು. ಹಾಳೆಯನ್ನು ತುಸು ಓರೆ ಮಾಡಿಕೊಂಡರು. ಬರೆದರು: ‘ನಾನು ಇಲ್ಲಿಗೆ ಏಕೆ ಬಂದಿದ್ದೇನೆ ಎಂಬುದು ನನ್ನ ಮಗಳಿಗೆ ಗೊತ್ತು.’ ಕರ್ತೃ, ಕರ್ಮ, ಕ್ರಿಯಾಪದ, ವಿಭಕ್ತಿ, ಎಲ್ಲವೂ ಸರಿ. ಕೊನೆಯಲ್ಲಿ ಪೂರ್ಣವಿರಾಮ.

ಅಂದು ಕಾಯಿಲೆಗೆ ಹೆಸರು ಸಿಕ್ಕಿತು. ಅಲ್ಝೈಮರ್. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರ ಹೊತ್ತಿಗೆ ಡಿಮೆನ್ಷಿಯಾ, ಅಂದರೆ ನೆನಪು, ಬುದ್ಧಿ ಕುಂದುತ್ತಾ ಹೋಗುವ ಸ್ಥಿತಿ, ಇರುವವರು ಲೋಕದಲ್ಲಿ 5.7 ಕೋಟಿ, ಅವರಲ್ಲಿ ಶೇ. 60ರಿಂದ 70ರಷ್ಟು ಮಂದಿಯದು ಇದೇ ಕಾಯಿಲೆ. ಇಷ್ಟು ಕೋಟಿ ಎಂದು ತಿಳಿದರೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಸಮಾಧಾನ ಕೊಟ್ಟದ್ದು, ವಿಚಿತ್ರವೆಂದರೆ, ಒಬ್ಬಳೇ ಒಬ್ಬಳು ಹೆಂಗಸಿನ ಕಥೆ. 1901ರ ನವೆಂಬರ್‌ನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ ಆಗಸ್ಟೆ ಡೀಟರ್ ಎಂಬ 51 ವರ್ಷದ ಮಹಿಳೆಯನ್ನು ದಾಖಲಿಸಿದರು. ಆಕೆಯನ್ನು ಮಾತನಾಡಿಸಿದ ವೈದ್ಯರು ಆಲೋಯಿಸ್ ಅಲ್ಝೈಮರ್. ಹೆಸರೇನು? ಆಗಸ್ಟೆ. ಮನೆತನದ ಹೆಸರು? ಆಗಸ್ಟೆ. ಗಂಡನ ಹೆಸರು? ಆಗಸ್ಟೆ ಅನ್ನಿಸುತ್ತದೆ. ತನ್ನ ಹೆಸರನ್ನು ಬರೆಯಲಾಗದೆ ಆಕೆ, ನನ್ನನ್ನು ನಾನೇ ಕಳೆದುಕೊಂಡುಬಿಟ್ಟೆ ಎಂದಳಂತೆ. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮೆದುಳನ್ನು ಸೂಕ್ಷ್ಮದರ್ಶಕದಡಿ ನೋಡಿ, ಜೀವಕೋಶಗಳ ನಡುವೆ ಗಟ್ಟಿಗಟ್ಟಿಯಾಗಿ ಕೂತ ಗಸಿಯನ್ನೂ ಕೋಶಗಳೊಳಗೆ ಸಿಕ್ಕುಗಟ್ಟಿದ ಎಳೆಗಳನ್ನೂ ಅವರು ಕಂಡರು. ಅಪ್ಪನ ತಲೆಯೊಳಗೂ ನಡೆಯುತ್ತಿರುವುದು ಅದೇ.

ಆದರೆ ನನ್ನ ಮನಸ್ಸು ನಿಂತದ್ದು ಸೂಕ್ಷ್ಮದರ್ಶಕದ ಬಳಿ ಅಲ್ಲ, ಆ ಪ್ರಶ್ನೋತ್ತರದ ಬಳಿ. ವೈದ್ಯರು ಆಕೆಯ ಒಂದೊಂದು ತಪ್ಪು ಉತ್ತರವನ್ನೂ ಅದು ಬಂದ ಹಾಗೆಯೇ ಬರೆದುಕೊಂಡಿದ್ದರು. ಆ ಕಡತ ಕಾಣೆಯಾಗಿ, 1995ರಲ್ಲಿ ಫ್ರಾಂಕ್‌ಫರ್ಟ್‌ನಲ್ಲೇ ಮತ್ತೆ ಸಿಕ್ಕಿತು. ಆಕೆಯ ಮಾತು ನಮಗೆ ಇಂದು ಕೇಳಿಸುತ್ತಿರುವುದು ಆ ಹಾಳೆಗಳು ಉಳಿದದ್ದರಿಂದ.

ನಾನು ಹಾಗಿರಲಿಲ್ಲ. ನಾನು ಅಪ್ಪನ ಮಗಳು, ತಿದ್ದುತ್ತಿದ್ದೆ. ಇವತ್ತು ಸೋಮವಾರ ಅಲ್ಲ ಅಪ್ಪ, ಗುರುವಾರ. ಅವರು ನಿಮ್ಮ ಅಣ್ಣ ಅಲ್ಲ, ಪಕ್ಕದ ಮನೆಯವರು. ಊಟ ಆಗಲೇ ಆಯಿತು. ಆಗಲೇ ಹೇಳಿದೆನಲ್ಲ. ಈಗ ತಾನೇ ಕೇಳಿದಿರಲ್ಲ. ತಿದ್ದುತ್ತಾ ಇದ್ದರೆ ನೆನಪಿನ ಹಳಿಯ ಮೇಲೆ ಅವರನ್ನು ಹಿಡಿದು ನಿಲ್ಲಿಸಬಹುದು ಎಂದು ನಿಜವಾಗಿಯೂ ನಂಬಿದ್ದೆ. ಒಂದು ದಿನ ಅಮ್ಮ ಎಲ್ಲಿ ಎಂದು ಕೇಳಿದರು. ಅಮ್ಮ ತೀರಿಕೊಂಡು ಒಂಬತ್ತು ವರ್ಷವಾಯಿತು ಎಂದೆ. ಅವರ ಮುಖ ಆ ಕ್ಷಣದಲ್ಲಿ ಹೇಗಾಯಿತು ಎಂದು ಬರೆಯಲು ನನಗೆ ಶಕ್ತಿಯಿಲ್ಲ. ಆ ವಾರ ಅದೇ ಪ್ರಶ್ನೆ ಮೂರು ಸಲ ಬಂತು, ಮೂರು ಸಲವೂ ಅದೇ ಸತ್ಯವನ್ನು ಹೇಳಿದೆ. ಮೂರು ಸಲವೂ ಅಪ್ಪ ಹೆಂಡತಿಯನ್ನು ಹೊಸದಾಗಿ ಕಳೆದುಕೊಂಡರು. ಮೂರನೆಯ ಸಲ, “ನನಗೆ ಯಾರೂ ಹೇಳಲೇ ಇಲ್ಲವಲ್ಲ” ಎಂದು ಮಗುವಿನಂತೆ ಅತ್ತರು.

ಇನ್ನೊಂದನ್ನೂ ಬರೆಯಬೇಕು, ಬಚ್ಚಿಡಬಾರದು. ಒಂದು ರಾತ್ರಿ ಎರಡು ಗಂಟೆಗೆ ನಾಲ್ಕನೆಯ ಬಾರಿ ಬಾಗಿಲ ಚಿಲಕ ಅಲ್ಲಾಡಿಸುವ ಸದ್ದಿಗೆ ಎದ್ದು ಬಂದು, ಅವರ ತೋಳು ಹಿಡಿದೆಳೆದು ಕಿರುಚಿದೆ. ಏನು ಕಿರುಚಿದೆ ಎಂಬುದು ನನಗೆ ಅಕ್ಷರಶಃ ನೆನಪಿದೆ. ಅವರಿಗೆ ಬೆಳಗಾಗುವಷ್ಟರಲ್ಲಿ ಏನೂ ನೆನಪಿರಲಿಲ್ಲ. ನಾನು ಒಳಗೊಳಗೇ ನಿಟ್ಟುಸಿರು ಬಿಟ್ಟೆ. ಆದರೆ ಅಂಗಿಯ ಗುಂಡಿ ಹಾಕಲು ಹೋದರೆ ಕೈ ಹಿಂದಕ್ಕೆ ಎಳೆದುಕೊಂಡರು. ಮರುದಿನವೂ ಎಳೆದುಕೊಂಡರು. “ಏಕೆ ಅಪ್ಪ?” ಎಂದರೆ ಅವರ ಬಳಿ ಉತ್ತರವಿಲ್ಲ. ನನ್ನ ಕೈಯನ್ನೇ ನೋಡುತ್ತಾ ನಿಂತರು.

ಸ್ವಿಟ್ಜರ್ಲೆಂಡಿನ ವೈದ್ಯ ಎಡುವಾರ್ ಕ್ಲಪರೇಡ್ 1911ರಲ್ಲಿ ಬರೆದ ಒಂದು ಪ್ರಸಂಗ ಇದೆ. ಹೊಸದೇನನ್ನೂ ನೆನಪಿಟ್ಟುಕೊಳ್ಳಲಾಗದ ಒಬ್ಬ ರೋಗಿಗೆ ಅವರು ಪ್ರತಿ ಸಲವೂ ಅಪರಿಚಿತರೇ. ಒಂದು ದಿನ ಬೆರಳುಗಳ ನಡುವೆ ಗುಂಡುಸೂಜಿ ಅಡಗಿಸಿಟ್ಟುಕೊಂಡು ಆಕೆಯ ಕೈ ಚುಚ್ಚಿದರು. ಆಮೇಲೆ ಅವರು ಕೈ ಚಾಚಿದಾಗ, ಆಕೆಗೆ ಚುಚ್ಚಿದ್ದು ನೆನಪಿಲ್ಲದಿದ್ದರೂ, ಕೈ ಮಾತ್ರ ತಾನಾಗಿ ಹಿಂದೆ ಸರಿಯಿತು. ಇದಕ್ಕಿಂತ ಮೃದುವಾದ ರೀತಿಯಲ್ಲಿ ಇದೇ ಮಾತನ್ನು 2014ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ತೋರಿಸಿದರು. ಅಲ್ಝೈಮರ್ ಇದ್ದ 17 ಮಂದಿಗೆ ದುಃಖದ ಚಲನಚಿತ್ರ ತುಣುಕುಗಳನ್ನು ತೋರಿಸಿ, ಆಮೇಲೆ ವಿಚಾರಿಸಿದರು. ಚಿತ್ರದ ವಿವರಗಳು ಮಾಸಿಹೋದ ಮೇಲೂ ದುಃಖ ಉಳಿದಿತ್ತು. ಚಿತ್ರ ಎಷ್ಟು ಕಡಿಮೆ ನೆನಪಿತ್ತೋ ದುಃಖ ಅಷ್ಟು ಹೆಚ್ಚು ಹೊತ್ತು ಇತ್ತು. ಕಾರಣ ಗೊತ್ತಿದ್ದರೆ ದುಃಖವನ್ನು ಆ ಕಾರಣದ ಪಕ್ಕದಲ್ಲಿ ಇಟ್ಟು ಮುಂದೆ ಹೋಗಬಹುದು. ಕಾರಣವೇ ತಿಳಿಯದವರು ಅದನ್ನು ಎಲ್ಲಿ ಇಡಬೇಕು?

ಇದನ್ನು ಓದಿದ ದಿನ ನಾನು ಅಪ್ಪನ ಹಳೆಯ ಕರಡುಗಳ ಕಟ್ಟನ್ನು ಬಿಚ್ಚಿ, ಅಂಚಿನಲ್ಲಿ ‘ಇರಲಿ’ ಎಂದು ಬರೆದ ಹಾಳೆಗಳನ್ನು ಹುಡುಕಿದೆ. ನಾನು ತಿದ್ದಿದ ಯಾವ ತಪ್ಪೂ ಅಪ್ಪನಲ್ಲಿ ಸರಿಯಾಗಿ ಉಳಿದಿರಲಿಲ್ಲ. ತಿದ್ದಿದಾಗಿನ ನೋವು ಮಾತ್ರ ಉಳಿದಿತ್ತು.

ಅಂದಿನಿಂದ ಅಮ್ಮ ಎಲ್ಲಿ ಎಂದು ಕೇಳಿದರೆ, “ಅಮ್ಮನ ನೆನಪಾಯಿತೇ ಅಪ್ಪ?” ಎನ್ನುತ್ತೇನೆ. ಅಲ್ಲಿಂದ ಮಾತು ಹೊರಡುತ್ತದೆ. ಅವಳ ಅಕ್ಷರ ದುಂಡಗಿತ್ತು ಎನ್ನುತ್ತಾರೆ. ಅವಳು ಸಿಟ್ಟು ಬಂದಾಗ ಮಾತು ಬಿಡುತ್ತಿದ್ದಳು, ಆದರೆ ದೀಪ ಆರಿಸುವ ಮೊದಲು ಒಂದು ಮಾತಾದರೂ ಆಡುತ್ತಿದ್ದಳು ಎನ್ನುತ್ತಾರೆ. ನನಗೆ ಗೊತ್ತೇ ಇಲ್ಲದ ಅಮ್ಮ ಹೀಗೆ ಒಂದೊಂದು ಸಂಜೆ ಒಂದಿಷ್ಟು ಸಿಗುತ್ತಿದ್ದಾಳೆ. ಇದು ಸುಳ್ಳೇ ಎಂದು ನನ್ನನ್ನೇ ಬಹಳ ಸಲ ಕೇಳಿಕೊಂಡಿದ್ದೇನೆ. ಒಂದು ಅಕ್ಷರದ ಅಸತ್ಯವನ್ನೂ ಸಹಿಸದ ಮನುಷ್ಯನ ಮುಂದೆ ಕೂತು ಅರ್ಧ ಉತ್ತರ ಕೊಡುವುದು ನನಗೆ ಸುಲಭವಾಗಿಲ್ಲ. ಆದರೆ ಅವರು ಕೇಳುತ್ತಿರುವುದು ಮಾಹಿತಿಯನ್ನಲ್ಲ ಎಂದು ಈಗ ಅನ್ನಿಸುತ್ತದೆ. ಜೊತೆಗಿದ್ದವಳು ಕಾಣುತ್ತಿಲ್ಲ, ಎದೆಯಲ್ಲಿ ಏನೋ ಖಾಲಿಯಾಗಿದೆ. ಅದಕ್ಕೆ ನಾನು ಕೊಡಬಹುದಾದ ಉತ್ತರ ಪಕ್ಕದಲ್ಲಿ ಕೂರುವುದು.

ಮುಸ್ಸಂಜೆ ಅವರಿಗೆ ಕಷ್ಟದ ಹೊತ್ತು. ಬೆಳಕು ತಗ್ಗುತ್ತಿದ್ದಂತೆ ಚಡಪಡಿಕೆ ಶುರು. ಮನೆಯಲ್ಲೇ ಇದ್ದುಕೊಂಡು “ಮನೆಗೆ ಹೋಗೋಣ” ಎನ್ನುತ್ತಾರೆ. ಇದೇ ನಮ್ಮ ಮನೆ ಎಂದು ವಾದಿಸಿ ನಾನು ಒಮ್ಮೆಯೂ ಗೆದ್ದಿಲ್ಲ. ಈಗ ಕತ್ತಲಾಗುವ ಮೊದಲೇ ಎಲ್ಲ ದೀಪಗಳನ್ನೂ ಹಾಕುತ್ತೇನೆ, ಚಪ್ಪಲಿ ಮೆಟ್ಟಿಸಿ ಅಂಗಳದ ಸುತ್ತ ಎರಡು ಸುತ್ತು ನಡೆಸಿಕೊಂಡು ಬರುತ್ತೇನೆ. ಬಾಗಿಲ ಬಳಿ ಬಂದಾಗ ಅವರೇ, “ಸದ್ಯ, ಬಂದೆವು” ಎನ್ನುತ್ತಾರೆ. ಕೆಲವು ಸಂಜೆ ನಾನು ಅವರ ಅಕ್ಕ. “ಅಕ್ಕಾ, ಕತ್ತಲಾಯಿತು, ಅಮ್ಮ ಬೈಯುತ್ತಾಳೆ” ಎಂದು ಹೆಜ್ಜೆ ಬೇಗ ಹಾಕುತ್ತಾರೆ. ನಾನೂ ಬೇಗ ಹಾಕುತ್ತೇನೆ. ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ತಡೆದು ನಿಲ್ಲುತ್ತದೆ ಎಂದು ಫ್ರಾನ್ಸಿನ ತೆಯೊಡ್ಯೂಲ್ ರಿಬೊ 1881ರಲ್ಲೇ ಹೇಳಿದ್ದಾರೆ. ಅಪ್ಪನಿಗೆ ನಾನು ಹುಟ್ಟದೇ ಇದ್ದ ಕಾಲವೇ ಈಗ ಹೆಚ್ಚು ಹತ್ತಿರ. ಅಲ್ಲಿ ನನಗೆ ಮಗಳ ಜಾಗ ಇಲ್ಲ, ಅಕ್ಕನ ಜಾಗ ಖಾಲಿ ಇದೆ.

ಎಲ್ಲದಕ್ಕೂ ‘ಇರಲಿ’ ಎನ್ನಲು ಬರುವುದಿಲ್ಲ. ಗ್ಯಾಸ್ ಒಲೆಯ ವಿಷಯದಲ್ಲಿ ಇರಲಿ ಎನ್ನಲಾಗದು. ಸಿಲಿಂಡರಿನ ಕಿವಿ ತಿರುಗಿಸಿಟ್ಟೇ ಮಲಗುತ್ತೇನೆ. ಮಾತ್ರೆಯ ಡಬ್ಬಿ ಅವರ ಕೈಗೆ ಎಟುಕುವುದಿಲ್ಲ. ಜೇಬಿನಲ್ಲಿ ನನ್ನ ಫೋನ್ ಸಂಖ್ಯೆ ಬರೆದ ಚೀಟಿ ಸದಾ ಇರುತ್ತದೆ. ಅದನ್ನು ಅವರ ಕೈಯಿಂದಲೇ ಬರೆಸಿದ್ದು, ತಮ್ಮದೇ ಅಕ್ಷರವಾದ್ದರಿಂದ ಹರಿದು ಬಿಸಾಡುವುದಿಲ್ಲ. ಹಣಕಾಸಿನ ಕಾಗದಪತ್ರ, ಉಯಿಲು, ಬ್ಯಾಂಕಿನ ವ್ಯವಹಾರವನ್ನೆಲ್ಲ ಅವರಿಗೆ ಇನ್ನೂ ತಿಳಿವಳಿಕೆ ಇದ್ದಾಗಲೇ ಅವರನ್ನು ಕೇಳಿ, ಅವರ ಸಹಿಯೊಂದಿಗೆ ಮಾಡಿ ಮುಗಿಸಿದೆವು. ಆ ಸಹಿಗಳನ್ನು ಹಾಕಿಸಿದ ದಿನ ನಾನು ದ್ರೋಹ ಮಾಡುತ್ತಿದ್ದೇನೆ ಅನ್ನಿಸಿತ್ತು. ಇನ್ನೂ ಆರು ತಿಂಗಳು ತಡ ಮಾಡಿದ್ದರೆ ಅವರ ಇಚ್ಛೆ ಏನೆಂದು ಕೇಳುವ ದಾರಿಯೇ ಮುಚ್ಚುತ್ತಿತ್ತು.

ತಮ್ಮ ದೂರದಲ್ಲಿದ್ದಾನೆ. ವಾರಕ್ಕೊಮ್ಮೆ ಫೋನ್ ಮಾಡಿ ಹತ್ತು ನಿಮಿಷ ಅಪ್ಪನ ಜೊತೆ ಮಾತನಾಡಿ, ಆಮೇಲೆ ನನಗೆ, “ಅಕ್ಕಾ, ಅಪ್ಪ ಚೆನ್ನಾಗಿಯೇ ಮಾತನಾಡಿದರಲ್ಲ” ಎನ್ನುತ್ತಿದ್ದ. ಅದರಲ್ಲಿ ನನ್ನ ಮೇಲೆ ಅನುಮಾನ ಇದೆಯೆಂದು ಎಷ್ಟೋ ರಾತ್ರಿ ಕುದಿದಿದ್ದೇನೆ. ಆದರೆ ಅಪ್ಪ ನಿಜವಾಗಿಯೂ ಚೆನ್ನಾಗಿಯೇ ಮಾತನಾಡುತ್ತಿದ್ದರು. ಆರೋಗ್ಯವೇ, ಕೆಲಸ ಹೇಗಿದೆ, ಮಕ್ಕಳು ಓದುತ್ತಿದ್ದಾರೆಯೇ — ಈ ಮಾತುಗಳಿಗೆ ನೆನಪು ಬೇಕಾಗಿಲ್ಲ, ಸೌಜನ್ಯ ಸಾಕು. ಹತ್ತು ನಿಮಿಷದ ಆ ಸೌಜನ್ಯಕ್ಕಾಗಿ ಅವರು ಇದ್ದಬದ್ದ ಶಕ್ತಿಯನ್ನೆಲ್ಲ ಒಟ್ಟುಮಾಡಿ, ಫೋನ್ ಇಟ್ಟ ಮೇಲೆ ಕುಸಿದು ಕೂರುತ್ತಿದ್ದರು. ತಮ್ಮ ಹದಿನೈದು ದಿನ ಬಂದು ನಮ್ಮೊಡನೆ ಇದ್ದು ಹೋದ ಮೇಲೆ ಆ ಮಾತು ನಿಂತಿತು. ಈಗ ಫೋನ್ ಮಾಡಿದರೆ ಮೊದಲು, “ಅಕ್ಕಾ, ನಿನ್ನೆ ರಾತ್ರಿ ನಿನಗೆ ನಿದ್ದೆ ಆಯಿತೇ?” ಎಂದು ಕೇಳುತ್ತಾನೆ.

ಅವನು ಹೊರಟ ಮಾರನೆಯ ವಾರವೇ ಅಪ್ಪ ಎರಡು ದಿನದಲ್ಲಿ ಗುರುತೇ ಸಿಗದಂತಾದರು. ಕಿಟಕಿಯಲ್ಲಿ ಜನ ಕಾಣುತ್ತಿದ್ದಾರೆ ಎಂದರು, ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋದರು, ಹಗಲಿಡೀ ತೂಕಡಿಸಿದರು. ಕಾಯಿಲೆ ಮುಂದಿನ ಮೆಟ್ಟಿಲಿಗೆ ಇಳಿಯಿತು ಎಂದು ನಾನು ಕೈಚೆಲ್ಲಿದ್ದೆ. ವೈದ್ಯರು ಮೂತ್ರಪರೀಕ್ಷೆ ಮಾಡಿಸಿದರು. ಸೋಂಕು. ಔಷಧಿ ಶುರುಮಾಡಿ ಒಂದು ವಾರದಲ್ಲಿ ಬಹುಪಾಲು ಮೊದಲಿನಂತಾದರು. ಅಲ್ಝೈಮರ್ ತಿಂಗಳು, ವರ್ಷಗಳ ಲೆಕ್ಕದಲ್ಲಿ ಇಳಿಯುತ್ತದೆ. ಗಂಟೆ, ದಿನಗಳಲ್ಲಿ ಇಳಿದರೆ ಬೇರೆ ಏನೋ ಆಗಿದೆ ಎಂದೇ ತಿಳಿಯಬೇಕು. ಸೋಂಕು, ನೀರಿನ ಕೊರತೆ, ಮಲಬದ್ಧತೆ, ಹೊಸ ಮಾತ್ರೆ, ಯಾವುದೂ ಇರಬಹುದು. ಮನೆಯಲ್ಲಿ ಹೀಗೊಬ್ಬರು ಇರುವ ಎಲ್ಲರಿಗೂ ನಾನು ಇದನ್ನು ಕೈಹಿಡಿದು ಹೇಳುತ್ತೇನೆ. ಕಿವಿಯದೂ ಹಾಗೆಯೇ. ಅಪ್ಪನ ಅರ್ಧ ಗೊಂದಲ ಕೇಳಿಸದೇ ಇದ್ದದ್ದರಿಂದ ಬಂದದ್ದು ಎಂದು ಶ್ರವಣಸಾಧನ ಹಾಕಿಸಿದ ಮೇಲೆ ತಿಳಿಯಿತು.

ಪತ್ರಿಕೆಯ ವಿಷಯಕ್ಕೆ ಬರುತ್ತೇನೆ. ಅಪ್ಪ ಈಗಲೂ ದಿನಾ ಪತ್ರಿಕೆ ತಿದ್ದುತ್ತಾರೆ. ಸುದ್ದಿ ಏನೆಂದು ಕೇಳಿದರೆ ಹೇಳಲಾರರು. ಆದರೆ ‘ವಿದ್ಯಾರ್ಥಿ’ಯ ‘ದ್ಯಾ’ ಮಹಾಪ್ರಾಣವಾಗಿದ್ದರೆ ಪೆನ್ನು ತಾನಾಗಿ ಅಲ್ಲಿ ನಿಲ್ಲುತ್ತದೆ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ ಯುವಕನ ಮೂರ್ಛೆರೋಗ ನಿಲ್ಲಿಸಲೆಂದು ಮೆದುಳಿನ ಎರಡೂ ಬದಿಯಲ್ಲಿ ಹೊಸ ನೆನಪುಗಳನ್ನು ಕಟ್ಟುವ ಹಿಪ್ಪೊಕ್ಯಾಂಪಸ್‌ನ ಹೆಚ್ಚಿನ ಭಾಗವನ್ನು ತೆಗೆದುಹಾಕಿದರು. ಅಲ್ಲಿಂದ 2008ರಲ್ಲಿ ತೀರಿಕೊಳ್ಳುವವರೆಗೆ, ಕಂಡದ್ದು ಕೇಳಿದ್ದು ಯಾವುದೂ ಅವರಲ್ಲಿ ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಅವರಿಗೆ, ಕೈಯನ್ನು ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರವೊಂದರ ಗೆರೆಗಳ ನಡುವೆ ಪೆನ್ಸಿಲ್ ಎಳೆಯಲು ಹೇಳಿದರು. ಪ್ರತಿದಿನವೂ ಅವರಿಗೆ ಅದು ಎಂದೂ ಕಾಣದ ಆಟ. ಆದರೂ ದಿನದಿಂದ ದಿನಕ್ಕೆ ಕೈ ಪಳಗುತ್ತಾ ಹೋಯಿತು. ಅಲ್ಝೈಮರ್ ಮೊದಲು ಕೈಹಾಕುವ ಜಾಗಗಳಲ್ಲಿ ಈ ಹಿಪ್ಪೊಕ್ಯಾಂಪಸ್ ಕೂಡ ಒಂದು. ಕೈ ಕಲಿತ ಕೆಲಸ ಕೂತಿರುವುದು ಬೇರೆಡೆ.

ಒಂದು ಮಧ್ಯಾಹ್ನ ಅಪ್ಪನ ಹಳೆಯ ತಗಡಿನ ಡಬ್ಬಿಯಿಂದ ಒಂದು ಅಚ್ಚುಮೊಳೆ ತೆಗೆದು ಅವರ ಅಂಗೈಯಲ್ಲಿಟ್ಟೆ. ಕಣ್ಣಿನಿಂದ ನೋಡಲೇ ಇಲ್ಲ. ಹೆಬ್ಬೆರಳು ಮೊಳೆಯ ಪಕ್ಕದಲ್ಲಿರುವ ಸಣ್ಣ ಕಚ್ಚನ್ನು ಹುಡುಕಿ, ಮೊಳೆಯನ್ನು ನೆಟ್ಟಗೆ ತಿರುಗಿಸಿ, ತೋರುಬೆರಳಿನ ಮೇಲೆ ನಿಲ್ಲಿಸಿತು. ಕಚ್ಚು ಇರುವುದೇ ಅದಕ್ಕೆ, ನೋಡದೆಯೇ ತಲೆ ಯಾವುದು ಬುಡ ಯಾವುದು ತಿಳಿಯಲಿ ಎಂದು. ಆಮೇಲೆ ಬೆಳಕಿಗೆ ಹಿಡಿದು, ಕನ್ನಡಿಯಲ್ಲಿ ಕಂಡಂತೆ ತಿರುಗಿದ ಆ ಅಕ್ಷರವನ್ನು ನೋಡಿ “ಳ” ಎಂದರು. ನನಗೆ ಅದು ಏನೆಂದು ಓದಲಾಗಿರಲಿಲ್ಲ. ಒತ್ತಿ ನೋಡಿದೆ, ಅಂಗೈಯಲ್ಲಿ ‘ಳ’ ಮೂಡಿತು.

ಇಷ್ಟು ಚುರುಕಾಗಿದ್ದಾರಲ್ಲ ಎಂದು, ಪತ್ರಿಕೆಯ ಸಣ್ಣ ಅಕ್ಷರ ಬೇಡವೆಂದು, ನಾನೇ ದಪ್ಪ ಅಕ್ಷರದಲ್ಲಿ ಪುಟಗಳನ್ನು ಮುದ್ರಿಸಿ, ಅಲ್ಲಲ್ಲಿ ಬೇಕೆಂದೇ ತಪ್ಪುಗಳನ್ನಿಟ್ಟು ಕೊಡತೊಡಗಿದೆ. ಎರಡು ದಿನ ತಿದ್ದಿದರು. ಮೂರನೆಯ ದಿನ ಪೆನ್ನು ಕೆಳಗಿಟ್ಟರು. “ಇವು ಕೈತಪ್ಪಿನಿಂದ ಆದವಲ್ಲ” ಎಂದರು. ತಡೆದು ತಡೆದು, ಪದಗಳನ್ನು ಹುಡುಕುತ್ತಾ ಹೇಳಿದರು: ಕೈತಪ್ಪಿಗೆ ಒಂದು ದಾರಿ ಇರುತ್ತದೆ, ಪಕ್ಕದ ಗೂಡಿನ ಮೊಳೆ ಕೈಗೆ ಬಂದಿರುತ್ತದೆ, ಒಂದೇ ಸದ್ದಿನ ಅಕ್ಷರ ಬಂದಿರುತ್ತದೆ, ಸಾಲು ಹಾರಿರುತ್ತದೆ, ಈ ತಪ್ಪುಗಳಿಗೆ ದಾರಿ ಇಲ್ಲ. “ಯಾರೋ ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ” ಎಂದು ನನ್ನ ಮುಖ ನೋಡಿದರು. ನಾನು ತಲೆ ಎತ್ತಲಿಲ್ಲ. ಅವತ್ತಿನ ತಾರೀಖು ಗೊತ್ತಿಲ್ಲದ, ನನ್ನ ಹೆಸರು ಬಾರದ ಮನುಷ್ಯನಿಗೆ, ಯಾವ ತಪ್ಪು ಪ್ರಾಮಾಣಿಕವಾದದ್ದು, ಯಾವುದು ಅಲ್ಲ ಎಂದು ಗೊತ್ತಿತ್ತು.

ಆ ಪುಟಗಳನ್ನು ಅವತ್ತೇ ನಿಲ್ಲಿಸಿದೆ. ಈಗ ಕೊಡುವುದೆಲ್ಲ ನಿಜವಾದ ಕರಡು, ನಾನು ಬರೆದದ್ದು, ನನ್ನ ನಿಜವಾದ ತಪ್ಪುಗಳೊಂದಿಗೆ. ಅವು ಬೇಕಾದಷ್ಟಿವೆ.

ಮೊನ್ನೆ ರಾತ್ರಿ ಮೂರರ ಹೊತ್ತಿಗೆ ಮತ್ತೆ ಸದ್ದಾಯಿತು. ಎದ್ದು ಬಂದರೆ ಅಪ್ಪ ಮೇಜಿನ ಬಳಿ ಕುಳಿತಿದ್ದರು, ಕನ್ನಡಕ ಏರಿಸಿ, ಕೆಂಪು ಪೆನ್ನು ಹಿಡಿದು. ಎದುರಿನ ಕುರ್ಚಿ ತೋರಿಸಿ, “ಬನ್ನಿ, ಕುಳಿತುಕೊಳ್ಳಿ. ತಡವಾಯಿತು. ಓದಿ” ಎಂದರು. ಮುದ್ರಣಾಲಯದಲ್ಲಿ ಕರಡು ತಿದ್ದಲು ಇಬ್ಬರು ಬೇಕಾಗಿತ್ತು. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಕಣ್ಣಿಟ್ಟು ಹೋಗುವುದು. ಓದುವವರು ಚಿಹ್ನೆಗಳನ್ನೂ ಬಾಯಿಬಿಟ್ಟು ಹೇಳಬೇಕು. ಮೇಜಿನ ಮೇಲೆ ನಾನು ಸಂಜೆ ಬಿಟ್ಟಿದ್ದ ಹಾಳೆಗಳ ಎರಡು ಪ್ರತಿಗಳಿದ್ದವು. ಒಂದನ್ನು ಅವರ ಮುಂದಿಟ್ಟು, ಇನ್ನೊಂದನ್ನು ಹಿಡಿದು ಕುಳಿತೆ.

ಮೊದಲ ಪ್ಯಾರಾ ಓದಿದೆ. ಪೆನ್ನಿನ ತುದಿ ಅಕ್ಷರದಿಂದ ಅಕ್ಷರಕ್ಕೆ ಸರಿಯುತ್ತಿತ್ತು. ಎಲ್ಲಿಯೋ ಒಂದು ಹಂಸಪಾದ ಹಾಕಿದರು. ಎರಡನೆಯ ಪ್ಯಾರಾದ ನಡುವೆ ನನ್ನ ಗಂಟಲು ಕಟ್ಟಿತು, ನಿಲ್ಲಿಸಿದೆ. ಅಪ್ಪ ಹಾಳೆಯಿಂದ ಕಣ್ಣೆತ್ತಲಿಲ್ಲ.

“ಏಕೆ ನಿಲ್ಲಿಸಿದೆ?” ಎಂದರು. “ಓದು.”

ಓದಿದೆ. ಅಲ್ಪವಿರಾಮ ಬಂದಲ್ಲಿ ಅಲ್ಪವಿರಾಮ ಎಂದೆ, ಪೂರ್ಣವಿರಾಮ ಬಂದಲ್ಲಿ ಪೂರ್ಣವಿರಾಮ ಎಂದೆ, ಹೊಸ ಪ್ಯಾರಾ ಬಂದಲ್ಲಿ ಹೊಸ ಪ್ಯಾರಾ ಎಂದೆ.